‘ನೆಟ್ ಝೀರೋ’ ಎಂಬ ಸುಲಭ ಲೆಕ್ಕ



ಈ ಪುಟಗಳಲ್ಲಿ ಸಾಮಾನ್ಯವಾಗಿ ಹಳೆಯ ದಿನಗಳ ನೆನಪುಗಳನ್ನೇ ಬರೆಯುತ್ತ ಬಂದಿದ್ದೇನೆ. ಇಂದಿನ ಬರಹ ಆ ಜಾತಿಯದಲ್ಲ. ಇದೊಂದು ತಕರಾರಿನ ಬರಹ. ದೊಡ್ಡ ದೊಡ್ಡ ಕಂಪನಿಗಳು ಈಚಿನ ವರ್ಷಗಳಲ್ಲಿ ಲೋಕಕ್ಕೆ ಕೊಡುತ್ತಿರುವ ಒಂದು ಬಗೆಯ ವಾಗ್ದಾನದ ವಿಷಯದಲ್ಲಿ ನನ್ನ ತಕರಾರು. ‘ಇಂಥ ಇಸವಿಯ ಹೊತ್ತಿಗೆ ನಮ್ಮ ಇಂಗಾಲದ ಹೊರಸೂಸುವಿಕೆಯನ್ನು ನಿವ್ವಳ ಶೂನ್ಯಕ್ಕೆ ಇಳಿಸುತ್ತೇವೆ’ ಎಂಬುದು ಆ ವಾಗ್ದಾನದ ಸಾರ. ಇಂಗ್ಲಿಷಿನಲ್ಲಿ ಅದಕ್ಕೆ ‘ನೆಟ್ ಝೀರೋ’ ಎನ್ನುತ್ತಾರೆ. ಬದುಕಿನ ಬಹುಭಾಗವನ್ನು ಮಕ್ಕಳಿಗೆ ಲೆಕ್ಕ ಕಲಿಸುವುದರಲ್ಲಿ ಕಳೆದ ನನಗೆ ಉತ್ತರ ಸೊನ್ನೆ ಬಂದಿದೆ ಎಂದು ಯಾರಾದರೂ ಹೇಳಿದೊಡನೆ ಸಂತೋಷವಾಗುವುದಿಲ್ಲ. ಯಾವುದನ್ನು ಕೂಡಿಸಿದೆ, ಯಾವುದನ್ನು ಕಳೆದೆ, ಯಾವುದನ್ನು ಬಿಟ್ಟೆ ಎಂದು ಕೇಳಬೇಕೆನಿಸುತ್ತದೆ.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದೇ ಒಂದು ಉದಾಹರಣೆಯನ್ನು ಎತ್ತಿಕೊಳ್ಳುತ್ತೇನೆ. ಅದು ಹೊಗೆಯುಗುಳುವ ಕಾರ್ಖಾನೆಯಲ್ಲ, ಕಲ್ಲಿದ್ದಲಿನ ಗಣಿಯಲ್ಲ. ಅಮೆರಿಕದ ಒಂದು ಡಿಜಿಟಲ್ ಪಾವತಿ ಸಂಸ್ಥೆ. ನಿಮ್ಮಲ್ಲಿ ಕೆಲವರು ಇಂಥ ಸಂಸ್ಥೆಗಳಲ್ಲಿಯೇ ದುಡಿಯುತ್ತಿದ್ದೀರಿ, ಹಲವರು ಇಂಥವುಗಳ ಗ್ರಾಹಕರಾಗಿದ್ದೀರಿ. ಆದ್ದರಿಂದ ನಿಮ್ಮೆದುರಿಗೇ ಈ ಮಾತನ್ನು ಆಡುವುದು ಸರಿಯೆನಿಸಿತು.

2009ರಲ್ಲಿ ಜ್ಯಾಕ್ ಡಾರ್ಸಿ ಮತ್ತು ಜಿಮ್ ಮೆಕೆಲ್ವಿ ಎಂಬಿಬ್ಬರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ‘ಸ್ಕ್ವೇರ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಮೆಕೆಲ್ವಿ ಗಾಜಿನ ಕಲಾವಿದರೂ ಹೌದು. ಗಿರಾಕಿಯ ಬಳಿಯಿದ್ದ ಕಾರ್ಡನ್ನು ಸ್ವೀಕರಿಸಲು ಸಾಧ್ಯವಾಗದೆ ಅವರ ಒಂದು ವ್ಯಾಪಾರ ತಪ್ಪಿಹೋಯಿತು. ಮೊಬೈಲ್ ಫೋನಿಗೆ ಚುಚ್ಚಿಕೊಳ್ಳುವ ಬಿಳಿಯ ಪುಟ್ಟ ಚೌಕದ ಕಾರ್ಡ್ ಓದುವ ಸಾಧನ ಹುಟ್ಟಿದ್ದು ಆ ಕೊರತೆಯಿಂದ. ಸಣ್ಣ ವ್ಯಾಪಾರಿಗೆ, ಕಾಫಿ ಮಾರುವವನಿಗೆ, ಸಂತೆಯಲ್ಲಿ ಹಣ್ಣು ಮಾರುವವಳಿಗೆ ದೊಡ್ಡ ಅಂಗಡಿಗಳ ಸೌಲಭ್ಯ ದೊರೆಯುವಂತಾಯಿತು. ಇದು ಒಳ್ಳೆಯ ಕೆಲಸವೇ, ಇದರಲ್ಲಿ ಎರಡು ಮಾತಿಲ್ಲ. 2013ರಲ್ಲಿ ಇದೇ ಸಂಸ್ಥೆ ಜನರು ಒಬ್ಬರಿಗೊಬ್ಬರು ಹಣ ಕಳುಹಿಸುವ ಮತ್ತೊಂದು ಸೇವೆಯನ್ನು ತೆರೆಯಿತು. ಅದು ಇಂದು ‘ಕ್ಯಾಶ್ ಆ್ಯಪ್’ ಎಂದು ಪ್ರಸಿದ್ಧವಾಗಿದೆ. 2018ರಿಂದ ಆ ಸೇವೆಯ ಮೂಲಕ ಸಾಮಾನ್ಯ ಗ್ರಾಹಕರೂ ಬಿಟ್‌ಕಾಯಿನ್ ಎಂಬ ಗೂಢಲಿಪಿ ನಾಣ್ಯವನ್ನು ಕೊಳ್ಳುವ, ಮಾರುವ ವ್ಯವಸ್ಥೆ ವ್ಯಾಪಕವಾಯಿತು. 2021ರ ಡಿಸೆಂಬರಿನಲ್ಲಿ ಮಾತೃಸಂಸ್ಥೆ ತನ್ನ ಹೆಸರನ್ನು ‘ಬ್ಲಾಕ್’ ಎಂದು ಬದಲಿಸಿಕೊಂಡಿತು.

ಹೆಸರು ಬದಲಾಗುವುದಕ್ಕೆ ಒಂದು ವರ್ಷ ಮೊದಲು, 2020ರ ಡಿಸೆಂಬರಿನಲ್ಲಿ, ಈ ಸಂಸ್ಥೆ ಒಂದು ಪ್ರಕಟಣೆ ಹೊರಡಿಸಿತು. ಅದರಲ್ಲಿ ಎರಡು ಮಾತುಗಳಿದ್ದವು. ತನ್ನ ಕಾರ್ಯಾಚರಣೆಗಳ ಮಟ್ಟಿಗೆ 2030ರೊಳಗೆ ನಿವ್ವಳ ಶೂನ್ಯ ಇಂಗಾಲವನ್ನು ಸಾಧಿಸುತ್ತೇವೆ ಎಂಬುದು ಮೊದಲನೆಯದು. ಬಿಟ್‌ಕಾಯಿನ್ ಗಣಿಗಾರಿಕೆಯಲ್ಲಿ ಶುದ್ಧ ಶಕ್ತಿಯ ಬಳಕೆಯನ್ನು ಉತ್ತೇಜಿಸಲು 1 ಕೋಟಿ ಡಾಲರ್ ತೊಡಗಿಸುತ್ತೇವೆ ಎಂಬುದು ಎರಡನೆಯದು. ಗೂಢಲಿಪಿ ನಾಣ್ಯಗಳು ಕೊನೆಗೊಂದು ದಿನ ಸಂಪೂರ್ಣವಾಗಿ ಶುದ್ಧ ವಿದ್ಯುತ್ತಿನಿಂದಲೇ ನಡೆಯುತ್ತವೆ ಎಂಬ ತಮ್ಮ ನಂಬಿಕೆಯನ್ನು ಡಾರ್ಸಿಯವರು ಆಗ ವ್ಯಕ್ತಪಡಿಸಿದ್ದರು.

ಈ ಎರಡು ಮಾತುಗಳನ್ನು ಒಂದರ ಪಕ್ಕ ಒಂದಿಟ್ಟು ಓದಿರಿ. ಮೊದಲನೆಯದಕ್ಕೆ ತಾರೀಖು ಇದೆ, ಆದರೆ ಅದು ‘ಕಾರ್ಯಾಚರಣೆ’ಗಳ ಮಾತು. ಎರಡನೆಯದು ಬಿಟ್‌ಕಾಯಿನ್ನಿನ ಮಾತು. ಅದಕ್ಕೆ ಹಣವಿದೆ, ಹಾರೈಕೆಯಿದೆ, ತಾರೀಖು ಮಾತ್ರ ಇಲ್ಲ. ‘ಕೊನೆಗೊಂದು ದಿನ’ ಎಂಬುದು ಯಾವ ಪಂಚಾಂಗದಲ್ಲಿ ಬರುತ್ತದೆ? ನನ್ನ ಇಡೀ ತಕರಾರು ಈ ಒಂದು ಅಂತರದಲ್ಲಿದೆ. ಚಿಕ್ಕ ಹೊಗೆಗೆ ಗಡುವು ಹಾಕಿಕೊಂಡು ದೊಡ್ಡ ಹೊಗೆಗೆ ಹಾರೈಕೆಯನ್ನಷ್ಟೇ ಅರ್ಪಿಸುವುದನ್ನು ಹವಾಮಾನದ ಬದ್ಧತೆ ಎಂದು ಕರೆಯಲು ನಾನು ಸಿದ್ಧನಿಲ್ಲ.

ದೊಡ್ಡದು ಯಾವುದು, ಚಿಕ್ಕದು ಯಾವುದು ಎಂಬುದನ್ನು ಸ್ವಲ್ಪ ವಿವರಿಸಬೇಕು. ಸಂಸ್ಥೆಗಳು ತಮ್ಮ ಹಸಿರುಮನೆ ಅನಿಲಗಳ ಲೆಕ್ಕವನ್ನು ಮೂರು ವ್ಯಾಪ್ತಿಗಳಲ್ಲಿ ಬರೆಯುವುದು ರೂಢಿ. ‘ಗ್ರೀನ್‌ಹೌಸ್ ಗ್ಯಾಸ್ ಪ್ರೋಟೋಕಾಲ್’ ಎಂಬ ನಿಯಮಾವಳಿ 2001ರಲ್ಲಿ ಮೊದಲು ಪ್ರಕಟವಾಯಿತು. ಮೂರನೆಯ ವ್ಯಾಪ್ತಿಯ ವಿವರವಾದ ಮಾನದಂಡ 2011ರಲ್ಲಿ ಬಂದಿತು. ಸಂಸ್ಥೆ ತಾನೇ ಉರಿಸುವ ಇಂಧನ ಮೊದಲನೆಯ ವ್ಯಾಪ್ತಿ. ಅದು ಕೊಳ್ಳುವ ವಿದ್ಯುತ್ತಿನ ಹಿಂದಿನ ಹೊಗೆ ಎರಡನೆಯದು. ಅದು ಕೊಳ್ಳುವ ಸರಕು, ಅದರ ನೌಕರರ ಪ್ರಯಾಣ, ಅದು ಮಾರಿದ ವಸ್ತುವಿನ ಬಳಕೆ, ಅದು ಹೂಡಿದ ಹಣ, ಇವುಗಳ ಹಿಂದಿನ ಹೊಗೆಯೆಲ್ಲ ಮೂರನೆಯದು. ಪಾವತಿ ಸಂಸ್ಥೆಗೆ ಚಿಮಣಿಯಿಲ್ಲ. ಅದರ ಕಚೇರಿಯ ದೀಪ, ತಂಪುಯಂತ್ರ, ಗಣಕಗಳು ಇವುಗಳ ಲೆಕ್ಕವನ್ನು ಸೊನ್ನೆಗೆ ತರುವುದು ಕಷ್ಟದ ಕೆಲಸವಲ್ಲ. ಗಾಳಿಯಿಂದಲೋ ಸೂರ್ಯನಿಂದಲೋ ಬಂದ ವಿದ್ಯುತ್ತನ್ನು ಕೊಂಡರೆ ಬಹುಪಾಲು ಮುಗಿಯಿತು. ಬ್ಲಾಕ್‌ನಂಥ ಸಂಸ್ಥೆಯ ಪಾಲಿಗೆ ನಿಜವಾದ ಪರೀಕ್ಷೆ ಇರುವುದು ಕಚೇರಿಯ ಗೋಡೆಯಾಚೆ, ಅದು ಯಾವ ವಸ್ತುವನ್ನು ಜನರಿಗೆ ಮಾರುತ್ತದೆಯೋ ಆ ವಸ್ತು ಹುಟ್ಟುವ ಜಾಗದಲ್ಲಿ.

ಆ ವಸ್ತು ಹುಟ್ಟುವುದು ಹೀಗೆ. ಬಿಟ್‌ಕಾಯಿನ್ನಿನ ಜಾಲದಲ್ಲಿ ವ್ಯವಹಾರಗಳ ಕಟ್ಟೊಂದನ್ನು ಖಾತೆಪುಸ್ತಕಕ್ಕೆ ಸೇರಿಸುವ ಹಕ್ಕು ಯಾರಿಗೆ ಎಂಬುದನ್ನು ಒಂದು ಸ್ಪರ್ಧೆ ನಿರ್ಧರಿಸುತ್ತದೆ. ಸ್ಪರ್ಧೆಯೆಂದರೆ ಜಾಣ್ಮೆಯ ಸ್ಪರ್ಧೆಯಲ್ಲ, ಊಹೆಯ ಸ್ಪರ್ಧೆ. ಜಗತ್ತಿನಾದ್ಯಂತ ಲಕ್ಷಾಂತರ ಯಂತ್ರಗಳು ಒಂದೇ ಒಗಟಿಗೆ ಸಂಖ್ಯೆಗಳನ್ನು ಊಹಿಸುತ್ತ ಕುಳಿತಿರುತ್ತವೆ. ಸರಾಸರಿ 10 ನಿಮಿಷಕ್ಕೊಮ್ಮೆ ಯಾವುದೋ ಒಂದು ಯಂತ್ರದ ಊಹೆ ಸರಿಹೊಂದುತ್ತದೆ. ಅದರ ಒಡೆಯನಿಗೆ ಹೊಸ ನಾಣ್ಯಗಳು ಬಹುಮಾನವಾಗಿ ಸಿಗುತ್ತವೆ. ಉಳಿದ ಯಂತ್ರಗಳ ಶ್ರಮವೆಲ್ಲ ವ್ಯರ್ಥ. ಯಂತ್ರಗಳು ಹೆಚ್ಚಾಗಿ ಉತ್ತರ ಬೇಗ ಸಿಗತೊಡಗಿದರೆ ಜಾಲವೇ ಪ್ರತಿ 2,016 ಕಟ್ಟುಗಳಿಗೊಮ್ಮೆ ಒಗಟನ್ನು ಇನ್ನಷ್ಟು ಕಠಿಣಗೊಳಿಸುತ್ತದೆ. ಅಂದರೆ ಎಷ್ಟೇ ಯಂತ್ರಗಳು ಬಂದರೂ, ಎಷ್ಟೇ ವಿದ್ಯುತ್ ಸುರಿದರೂ, ಹುಟ್ಟುವ ನಾಣ್ಯಗಳ ಸಂಖ್ಯೆ ಹೆಚ್ಚುವುದಿಲ್ಲ. 2024ರ ಏಪ್ರಿಲ್‌ನಿಂದ ಪ್ರತಿ ಕಟ್ಟಿಗೆ 3.125 ನಾಣ್ಯಗಳು, ದಿನಕ್ಕೆ ಸುಮಾರು 144 ಕಟ್ಟುಗಳು, ಒಟ್ಟು 450 ನಾಣ್ಯಗಳು. ಸಾವಿರ ಯಂತ್ರಗಳಿದ್ದರೂ ಅಷ್ಟೇ, ಕೋಟಿ ಯಂತ್ರಗಳಿದ್ದರೂ ಅಷ್ಟೇ.

ಹಾಗಾದರೆ ಎಷ್ಟು ವಿದ್ಯುತ್ ಸುರಿಯಬೇಕೆಂಬುದನ್ನು ನಿರ್ಧರಿಸುವವರು ಯಾರು? ನಾಣ್ಯದ ಬೆಲೆ. ಬೆಲೆ ಏರಿದರೆ ಅದೇ 450 ನಾಣ್ಯಗಳಿಗಾಗಿ ಹೆಚ್ಚು ಖರ್ಚು ಮಾಡುವುದು ಲಾಭದಾಯಕವಾಗುತ್ತದೆ. ಹೊಸ ಯಂತ್ರಗಳು ಬರುತ್ತವೆ, ಹಳೆಯ ಯಂತ್ರಗಳೂ ಮತ್ತೆ ಚಾಲೂ ಆಗುತ್ತವೆ. ‘ನಾವು ಗಣಿಗಾರಿಕೆ ಮಾಡಿದವರಲ್ಲ, ಮೊದಲೇ ಹುಟ್ಟಿದ ನಾಣ್ಯಗಳನ್ನು ಜನರಿಗೆ ತಲುಪಿಸಿದೆವು, ಅಷ್ಟೆ’ ಎಂಬ ಸಮರ್ಥನೆ ಇಲ್ಲಿಯೇ ಬಿದ್ದುಹೋಗುತ್ತದೆ. ಕೊಳ್ಳುವವರನ್ನು ಹೆಚ್ಚಿಸುವವನು ಬೆಲೆಗೆ ಬಲ ಕೊಡುತ್ತಾನೆ, ಬೆಲೆಗೆ ಬಲ ಕೊಡುವವನು ಕುಲುಮೆಗೆ ತಿದಿ ಒತ್ತುತ್ತಾನೆ. ಕುಲುಮೆ ತನ್ನ ಮನೆಯಂಗಳದಲ್ಲಿ ಇಲ್ಲದಿದ್ದರೆ ಏನಾಯಿತು?

ಬ್ಲಾಕ್ ಎಷ್ಟು ಬಲ ಕೊಟ್ಟಿತು ಎಂಬುದಕ್ಕೆ ಅದೇ ಪ್ರಕಟಿಸಿದ ಅಂಕಿಗಳಿವೆ. 2020ರ ಅಕ್ಟೋಬರಿನಲ್ಲಿ ಅದು ತನ್ನ ಸ್ವಂತ ಹಣದಿಂದ 4,709 ಬಿಟ್‌ಕಾಯಿನ್‌ಗಳನ್ನು 5 ಕೋಟಿ ಡಾಲರಿಗೆ ಕೊಂಡಿತು. 2021ರ ಫೆಬ್ರವರಿಯಲ್ಲಿ ಇನ್ನೂ ಸುಮಾರು 3,318 ನಾಣ್ಯಗಳನ್ನು 17 ಕೋಟಿ ಡಾಲರಿಗೆ ಕೊಂಡಿತು. ಒಟ್ಟು 8,027. ಆ ಕಾಲದಲ್ಲಿ ಜಗತ್ತಿನ ಎಲ್ಲ ಯಂತ್ರಗಳೂ ಸೇರಿ ದಿನಕ್ಕೆ ಸುಮಾರು 900 ನಾಣ್ಯಗಳನ್ನು ಉತ್ಪಾದಿಸುತ್ತಿದ್ದವು. ಅಂದರೆ ಇಡೀ ಜಗತ್ತಿನ ಯಂತ್ರಗಳು ಸುಮಾರು ಒಂಬತ್ತು ದಿನ ಹಗಲೂ ರಾತ್ರಿ ದುಡಿದು ಹುಟ್ಟಿಸುವಷ್ಟು ನಾಣ್ಯಗಳು ಈ ಒಂದು ಸಂಸ್ಥೆಯ ಖಜಾನೆ ಸೇರಿದವು. ಈ ಎರಡು ಖರೀದಿಗಳ ನಡುವೆಯೇ ಹವಾಮಾನದ ಪ್ರಕಟಣೆ ಬಂದದ್ದು. ಶುದ್ಧ ಶಕ್ತಿಗೆ 1 ಕೋಟಿ, ನಾಣ್ಯಕ್ಕೆ 22 ಕೋಟಿ. ಒಬ್ಬ ಮನುಷ್ಯನ ಮನಸ್ಸು ಎಲ್ಲಿದೆಯೆಂದು ತಿಳಿಯಲು ಅವನ ಮಾತಿಗಿಂತ ಅವನ ಖರ್ಚಿನ ಪುಸ್ತಕ ಹೆಚ್ಚು ನೆರವಾಗುತ್ತದೆ. ಸಂಸ್ಥೆಗೂ ಇದೇ ನಿಯಮ.

ಗ್ರಾಹಕರ ಖರೀದಿ ಇದಕ್ಕಿಂತಲೂ ಬಹಳ ದೊಡ್ಡದು. 2021ರಲ್ಲಿ ಸಂಸ್ಥೆಯ ಒಟ್ಟು ನಿವ್ವಳ ಆದಾಯ ಸುಮಾರು 1,766 ಕೋಟಿ ಡಾಲರ್. ಅದರಲ್ಲಿ ಸುಮಾರು 1,001 ಕೋಟಿ ಡಾಲರ್ ಬಂದದ್ದು ಗ್ರಾಹಕರಿಗೆ ಬಿಟ್‌ಕಾಯಿನ್ ಮಾರಿದ್ದರಿಂದ. ಇಲ್ಲಿ ನ್ಯಾಯವಾಗಿ ಒಂದು ಮಾತನ್ನು ಸೇರಿಸಬೇಕು. ಈ ದೊಡ್ಡ ಮೊತ್ತ ಮಾರಿದ ನಾಣ್ಯಗಳ ಪೂರ್ತಿ ಬೆಲೆಯೇ ಹೊರತು ಲಾಭವಲ್ಲ. ಆ ವರ್ಷ ಬಿಟ್‌ಕಾಯಿನ್ನಿನಿಂದ ಬಂದ ಒಟ್ಟು ಲಾಭ 21.8 ಕೋಟಿ ಡಾಲರ್, ಸಂಸ್ಥೆಯ ಎಲ್ಲ ವ್ಯವಹಾರಗಳ ಒಟ್ಟು ಲಾಭ 442 ಕೋಟಿ. ನೂರಕ್ಕೆ ಐದು! ಸಂಸ್ಥೆಯ ಪರವಾಗಿ ಹೇಳಬಹುದಾದ ಈ ಮಾತೇ ನನಗೆ ಅದರ ವಿರುದ್ಧದ ದೊಡ್ಡ ಸಾಕ್ಷಿಯಾಗಿ ಕಾಣುತ್ತದೆ. ನೂರರಲ್ಲಿ ತೊಂಬತ್ತೈದು ಪಾಲು ಲಾಭವನ್ನು ಅದು ಬಹುಮಟ್ಟಿಗೆ ಸ್ವಚ್ಛವಾದ, ಉಪಯುಕ್ತವಾದ ವ್ಯಾಪಾರದಿಂದಲೇ ಗಳಿಸಿತು. ಉಳಿದ ಐದು ಪಾಲನ್ನು ಬಿಟ್ಟಿದ್ದರೆ ಸಂಸ್ಥೆ ಮುಳುಗುತ್ತಿರಲಿಲ್ಲ. ಹೊಟ್ಟೆಪಾಡಿಗಾಗಿ ಕಲ್ಲಿದ್ದಲು ಉರಿಸುವ ಬಡದೇಶವನ್ನು ಅರ್ಥ ಮಾಡಿಕೊಳ್ಳಬಹುದು. ಇಲ್ಲಿ ಹೊಟ್ಟೆಪಾಡಿನ ಪ್ರಶ್ನೆಯೇ ಇರಲಿಲ್ಲ.

ಕುಲುಮೆಯ ಗಾತ್ರ ಎಷ್ಟು? ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು 2025ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಬಿಟ್‌ಕಾಯಿನ್ ಜಾಲದ ವಾರ್ಷಿಕ ವಿದ್ಯುತ್ ಬಳಕೆ ಸುಮಾರು 138 ಟೆರಾವಾಟ್-ಗಂಟೆ, ಹೊರಸೂಸುವಿಕೆ ಸುಮಾರು 3.98 ಕೋಟಿ ಟನ್. ಟೆರಾವಾಟ್ ಎಂದರೆ ಕಣ್ಣಿಗೆ ಕಟ್ಟುವುದಿಲ್ಲ, ಆದ್ದರಿಂದ ಮನೆಯ ಬಿಲ್ಲಿನ ಭಾಷೆಗೆ ತರುತ್ತೇನೆ. 138 ಟೆರಾವಾಟ್-ಗಂಟೆಯೆಂದರೆ 13,800 ಕೋಟಿ ಯೂನಿಟ್. ತಿಂಗಳಿಗೆ 100 ಯೂನಿಟ್ ಬಳಸುವ ಮನೆಗೆ ವರ್ಷಕ್ಕೆ 1,200 ಯೂನಿಟ್ ಬೇಕು. ಭಾಗಿಸಿ ನೋಡಿರಿ, ಅಂಥ 11 ಕೋಟಿ 50 ಲಕ್ಷ ಮನೆಗಳಿಗೆ ಇಡೀ ವರ್ಷ ಸಾಲುವಷ್ಟು ವಿದ್ಯುತ್ ಇದು. ಇಷ್ಟನ್ನು ಸುರಿದು ಪಡೆಯುವುದು ದಿನಕ್ಕೆ 450 ನಾಣ್ಯ.

ಇನ್ನು ಎದುರುಪಕ್ಷದ ವಾದಗಳನ್ನು ನೋಡೋಣ. ಅವುಗಳಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ.

ಮೊದಲನೆಯ ವಾದವನ್ನು ಸ್ಕ್ವೇರ್ ಸಂಸ್ಥೆಯೇ 2021ರ ಏಪ್ರಿಲ್‌ನಲ್ಲಿ ಒಂದು ಶ್ವೇತಪತ್ರದ ಮೂಲಕ ಮಂಡಿಸಿತು. ಸೂರ್ಯ ಮತ್ತು ಗಾಳಿಯ ವಿದ್ಯುತ್ತು ಬೇಕಾದಾಗ ಬಾರದು, ಬೇಡದಾಗ ಉಕ್ಕುತ್ತದೆ. ಗಣಿಯಂತ್ರಗಳು ಉಕ್ಕಿದ್ದನ್ನು ಕೊಂಡು, ಕೊರತೆಯಾದಾಗ ಸುಮ್ಮನಾಗಬಲ್ಲವು. ಹೀಗೆ ಅವು ಹೊಸ ಸೌರ ಸ್ಥಾವರಗಳಿಗೆ ಖಾತ್ರಿಯ ಗಿರಾಕಿಯಾಗುತ್ತವೆ ಎಂಬುದು ಅದರ ತಿರುಳು. ಕಾಗದದ ಮೇಲೆ ಇದು ಚೆನ್ನಾಗಿಯೇ ಇದೆ. ನೆಲದ ಮೇಲೆ ನಡೆದದ್ದೇನು? ನ್ಯೂಯಾರ್ಕ್ ರಾಜ್ಯದ ಸೆನೆಕಾ ಸರೋವರದ ದಂಡೆಯಲ್ಲಿ, ಡ್ರೆಸ್ಡೆನ್ ಎಂಬ ಊರಿನಲ್ಲಿ, 2011ರಲ್ಲಿ ಮುಚ್ಚಿದ್ದ ಕಲ್ಲಿದ್ದಲಿನ ವಿದ್ಯುತ್ ಸ್ಥಾವರವೊಂದನ್ನು ಅನಿಲಕ್ಕೆ ಬದಲಿಸಿ ಮತ್ತೆ ಚಾಲೂ ಮಾಡಲಾಯಿತು. ಅನಂತರ ಅದರ ವಿದ್ಯುತ್ತು ಬಿಟ್‌ಕಾಯಿನ್ ಗಣಿಗಾರಿಕೆಗೆ ಹರಿಯಿತು. ಮೊಂಟಾನಾದ ಹಾರ್ಡಿನ್‌ನಲ್ಲಿ, ಮುಚ್ಚುವ ಅಂಚಿನಲ್ಲಿದ್ದ ಕಲ್ಲಿದ್ದಲಿನ ಸ್ಥಾವರಕ್ಕೆ ಗಣಿಯಂತ್ರಗಳು ಮರುಜನ್ಮ ಕೊಟ್ಟವು. 2021ರಲ್ಲಿ ಚೀನಾ ಗಣಿಗಾರಿಕೆಯನ್ನು ನಿಷೇಧಿಸಿದಾಗ ಯಂತ್ರಗಳ ಒಂದು ದೊಡ್ಡ ಪಾಲು ಹೋದದ್ದು ಕಲ್ಲಿದ್ದಲನ್ನೇ ಹೆಚ್ಚು ನಂಬಿರುವ ಕಜಕಸ್ತಾನಕ್ಕೆ. ಹೊಸ ಶುದ್ಧ ಸ್ಥಾವರಗಳನ್ನು ಹುಟ್ಟಿಸುತ್ತದೆಂದ ಉದ್ಯಮ ಸಾಯಬೇಕಿದ್ದ ಹಳೆಯ ಸ್ಥಾವರಗಳಿಗೆ ಉಸಿರು ತುಂಬಿತು. ನ್ಯೂಯಾರ್ಕ್ ರಾಜ್ಯ 2022ರ ನವೆಂಬರಿನಲ್ಲಿ, ಪಳೆಯುಳಿಕೆ ಇಂಧನದ ಸ್ಥಾವರಗಳಲ್ಲಿ ಇಂಥ ಗಣಿಗಾರಿಕೆಗೆ ಹೊಸ ಪರವಾನಗಿ ಕೊಡುವುದನ್ನು ಎರಡು ವರ್ಷಗಳ ಕಾಲ ತಡೆಯುವ ಶಾಸನವನ್ನೇ ತರಬೇಕಾಯಿತು.

ಕೊರತೆಯ ಕಾಲದಲ್ಲಿ ಯಂತ್ರಗಳು ಸುಮ್ಮನಾಗುತ್ತವೆ ಎಂಬುದು ನಿಜ, ಆದರೆ ಪುಕ್ಕಟೆಯಾಗಿ ಅಲ್ಲ. 2023ರ ಆಗಸ್ಟಿನ ಬಿರುಬೇಸಗೆಯಲ್ಲಿ ಟೆಕ್ಸಾಸ್‌ನ ರಯಟ್ ಎಂಬ ಗಣಿ ಕಂಪನಿಗೆ, ವಿದ್ಯುತ್ ಬಳಕೆಯನ್ನು ತಗ್ಗಿಸಿದ್ದಕ್ಕಾಗಿ ಮತ್ತು ತನ್ನ ಒಪ್ಪಂದದ ವಿದ್ಯುತ್ತನ್ನು ಜಾಲಕ್ಕೆ ಮರಳಿಸಿದ್ದಕ್ಕಾಗಿ, ಒಂದೇ ತಿಂಗಳಿನಲ್ಲಿ 3.17 ಕೋಟಿ ಡಾಲರ್ ದೊರೆಯಿತು. ಆ ತಿಂಗಳು ಅದು ಗಣಿಯಿಂದ ತೆಗೆದ ನಾಣ್ಯಗಳ ಬೆಲೆಗಿಂತ ಈ ಮೊತ್ತವೇ ಹೆಚ್ಚಾಗಿತ್ತು. ಬಾಗಿಲಿಗೆ ಅಡ್ಡ ನಿಂತವನು ಸರಿದು ನಿಲ್ಲುವುದಕ್ಕೆ ಕೂಲಿ ಪಡೆದು, ಅದನ್ನು ಲೋಕೋಪಕಾರವೆಂದು ಕರೆದುಕೊಂಡ ಹಾಗಾಯಿತು ಇದು.

ಸಂಸ್ಥೆಯ ಶುದ್ಧ ಶಕ್ತಿಯ ಪ್ರಯತ್ನ ಏನಾಯಿತು ಎಂದು ಕೇಳಬಹುದು. 2021ರಲ್ಲಿ ಅದು ಬ್ಲಾಕ್‌ಸ್ಟ್ರೀಮ್ ಎಂಬ ಕಂಪನಿಯೊಡನೆ ಸೌರವಿದ್ಯುತ್ತಿನ ಗಣಿಯೊಂದಕ್ಕೆ 50 ಲಕ್ಷ ಡಾಲರ್ ತೊಡಗಿಸುವುದಾಗಿ ಹೇಳಿತು. 2022ರ ಏಪ್ರಿಲ್‌ನಲ್ಲಿ ಟೆಕ್ಸಾಸ್‌ನ ಘಟಕದ ವಿವರಗಳು ಹೊರಬಂದವು. ಟೆಸ್ಲಾದ 3.8 ಮೆಗಾವಾಟ್ ಸೌರ ಫಲಕಗಳು, 12 ಮೆಗಾವಾಟ್-ಗಂಟೆಯ ಬ್ಯಾಟರಿ. ಇದು ಒಳ್ಳೆಯ ಪ್ರಯೋಗವೇ. ಆದರೆ ಪಕ್ಕದಲ್ಲಿ ಇನ್ನೊಂದು ಅಂಕಿಯನ್ನು ಬರೆದುಕೊಳ್ಳಿರಿ. ವರ್ಷಕ್ಕೆ 138 ಟೆರಾವಾಟ್-ಗಂಟೆ ಬಳಸುವ ಜಾಲಕ್ಕೆ ಹಗಲೂ ರಾತ್ರಿ ಎಡೆಬಿಡದೆ ಬೇಕಾಗುವುದು ಸುಮಾರು 15,750 ಮೆಗಾವಾಟ್. ಬಿಸಿಲಿದ್ದಾಗ ಮಾತ್ರ ದೊರೆಯುವ 3.8 ಮೆಗಾವಾಟ್ ಅದರ ನಾಲ್ಕು ಸಾವಿರದಲ್ಲಿ ಒಂದು ಪಾಲೂ ಆಗುವುದಿಲ್ಲ.

ಎರಡನೆಯ ವಾದ ಹೀಗಿದೆ: ಬಳಕೆಯಾಗುವ ವಿದ್ಯುತ್ತಿನ ಬಹುಪಾಲು ಈಗಾಗಲೇ ಶುದ್ಧವಾಗಿದೆ. ಮೇಲೆ ಹೇಳಿದ ಕೇಂಬ್ರಿಡ್ಜ್ ವರದಿಯಲ್ಲಿ ಶೇಕಡ 52.4ರಷ್ಟು ವಿದ್ಯುತ್ತು ನವೀಕರಿಸಬಹುದಾದ ಮೂಲಗಳಿಂದ ಮತ್ತು ಪರಮಾಣು ಶಕ್ತಿಯಿಂದ ಬರುತ್ತದೆಂದು ಇದೆ. ಗಣಿಗಾರರು ತಾವೇ ಕೊಟ್ಟ ಉತ್ತರಗಳಿಂದ ಕಟ್ಟಿದ ಅಂಕಿ ಇದು. ಇದನ್ನು ಹಾಗೆಯೇ ಒಪ್ಪಿಕೊಳ್ಳೋಣ. ಅದೇ ವರದಿಯಲ್ಲಿ ಶೇಕಡ 38.2 ನೈಸರ್ಗಿಕ ಅನಿಲ, ಶೇಕಡ 8.9 ಕಲ್ಲಿದ್ದಲು ಎಂದೂ ಇದೆ. ನೂರಕ್ಕೆ ಐವತ್ತೆರಡು ಅಂಕ ತೆಗೆದ ಹುಡುಗನನ್ನು ನಾನು ತೇರ್ಗಡೆ ಮಾಡುತ್ತಿದ್ದೆ, ನಿಜ. ಆದರೆ ವಾತಾವರಣ ಶೇಕಡಾವಾರು ಅಂಕ ಕೊಡುವ ಪರೀಕ್ಷಕನಲ್ಲ. ಅದು ಟನ್ನುಗಳನ್ನು ಎಣಿಸುತ್ತದೆ. 3.98 ಕೋಟಿ ಟನ್ ಎಂಬುದು ಆ ಐವತ್ತೆರಡನ್ನು ಕಳೆದ ಮೇಲೆಯೂ ಉಳಿದ ಹೊಗೆ. ಮೇಲಾಗಿ ಶುದ್ಧ ವಿದ್ಯುತ್ತು ಜಗತ್ತಿನಲ್ಲಿ ಬೇಕಾದಷ್ಟು ಬಿದ್ದಿಲ್ಲ. ಗಣಿಯಂತ್ರ ಕುಡಿದ ಒಂದು ಯೂನಿಟ್ ಜಲವಿದ್ಯುತ್ತು ಎಷ್ಟೋ ಕಡೆ ಒಂದು ಆಸ್ಪತ್ರೆಗೋ ಶಾಲೆಗೋ ಹೋಗಬಹುದಾಗಿದ್ದ ವಿದ್ಯುತ್ತು.

ಮೂರನೆಯ ವಾದ ಯಂತ್ರಗಳ ದಕ್ಷತೆಯದು. ಈ ಸಂಸ್ಥೆ ಈಗ ನಾಣ್ಯ ಮಾರುವುದಕ್ಕೆ ನಿಂತಿಲ್ಲ, ಗಣಿಗಾರಿಕೆಯ ಚಿಪ್ಪುಗಳ ತಯಾರಿಕೆಗೂ ಇಳಿದಿದೆ. 3 ನ್ಯಾನೋಮೀಟರ್ ಗಾತ್ರದ ತನ್ನ ಚಿಪ್ಪುಗಳನ್ನು ಪೂರೈಸಲು 2024ರ ಜುಲೈಯಲ್ಲಿ ಕೋರ್ ಸೈಂಟಿಫಿಕ್ ಎಂಬ ದೊಡ್ಡ ಗಣಿ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡಿತು. 2025ರಲ್ಲಿ ‘ಪ್ರೋಟೋ’ ಎಂಬ ಹೆಸರಿನಲ್ಲಿ ಇಡೀ ಗಣಿಯಂತ್ರವನ್ನೇ ಮಾರುಕಟ್ಟೆಗೆ ತಂದಿತು. ದಕ್ಷ ಯಂತ್ರ ಬಂದರೆ ವಿದ್ಯುತ್ತು ಉಳಿಯುವುದಿಲ್ಲವೇ ಎಂದು ನಿಮಗೆ ಅನಿಸಬಹುದು. ಮನೆಯ ದೀಪದ ವಿಷಯದಲ್ಲಿ ಬಹಳಷ್ಟು ಉಳಿಯುತ್ತದೆ. ಇಲ್ಲಿ ಉಳಿಯುವುದಿಲ್ಲ. ಏಕೆಂದರೆ, ಮೇಲೆ ಹೇಳಿದೆನಲ್ಲ, ಊಹೆಗಳು ಹೆಚ್ಚಿದಷ್ಟೂ ಒಗಟು ಕಠಿಣವಾಗುತ್ತದೆ. ಎಲ್ಲರ ಬಳಿಯೂ ಎರಡು ಪಟ್ಟು ದಕ್ಷವಾದ ಯಂತ್ರ ಬಂದರೆ ಎಲ್ಲರೂ ಎರಡು ಪಟ್ಟು ಊಹಿಸುತ್ತಾರೆ, ಬಹುಮಾನ ಅಷ್ಟೇ ಇರುತ್ತದೆ, ಬಿಲ್ಲೂ ಅಷ್ಟೇ ಬರುತ್ತದೆ. ಹಬೆಯಂತ್ರಗಳು ಸುಧಾರಿಸಿದಷ್ಟೂ ಕಲ್ಲಿದ್ದಲಿನ ಬಳಕೆ ಇಳಿಯುವ ಬದಲು ಏರುತ್ತದೆಂದು ಸ್ಟ್ಯಾನ್ಲಿ ಜೆವನ್ಸ್ ಎಂಬ ಅರ್ಥಶಾಸ್ತ್ರಜ್ಞ 1865ರಷ್ಟು ಹಿಂದೆಯೇ ಎಚ್ಚರಿಸಿದ್ದ. ಬಿಟ್‌ಕಾಯಿನ್ನಿನಲ್ಲಿ ಆ ಎಚ್ಚರಿಕೆ ಬರಿಯ ಸಂಭವವಲ್ಲ, ಜಾಲದ ರಚನೆಯಲ್ಲಿಯೇ ಬರೆದಿಟ್ಟ ನಿಯಮ.

‘ಬೇರೆ ದಾರಿಯೇ ಇರಲಿಲ್ಲ’ ಎಂಬ ಮಾತೂ ನಿಲ್ಲುವುದಿಲ್ಲ. ಎರಡನೆಯ ದೊಡ್ಡ ಗೂಢಲಿಪಿ ನಾಣ್ಯವಾದ ಈಥೀರಿಯಂ 2022ರ ಸೆಪ್ಟೆಂಬರ್ 15ರಂದು ಊಹೆಯ ಸ್ಪರ್ಧೆಯನ್ನೇ ಕೈಬಿಟ್ಟು ಬೇರೆ ಪದ್ಧತಿಗೆ ಹೊರಳಿತು. ಅದರ ವಿದ್ಯುತ್ ಬಳಕೆ ಶೇಕಡ 99ಕ್ಕೂ ಹೆಚ್ಚು ಇಳಿಯಿತು. ಇನ್ನು ಪಾವತಿಯ ಮಾತನ್ನೇ ಆಡುವುದಾದರೆ, ನಮ್ಮ ದೇಶದ ಯುಪಿಐ 2025ರ ಆಗಸ್ಟ್ ಒಂದೇ ತಿಂಗಳಿನಲ್ಲಿ 2,000 ಕೋಟಿಗೂ ಹೆಚ್ಚು ವ್ಯವಹಾರಗಳನ್ನು ಊಹೆಯ ಸ್ಪರ್ಧೆಯಿಲ್ಲದೆ ನಡೆಸಿತು. ಸ್ಕ್ವೇರ್‌ನ ಆ ಪುಟ್ಟ ಬಿಳಿಯ ಚೌಕವೂ ಹಾಗೆಯೇ ನಡೆಯುತ್ತಿತ್ತಲ್ಲ! ಡಿಜಿಟಲ್ ಪಾವತಿಯೆಂಬುದು ಸ್ವಭಾವತಃ ಹೊಗೆಯ ಉದ್ಯಮವಲ್ಲ. ಈ ಸಂಸ್ಥೆ ಹೊಗೆಯ ಭಾಗವನ್ನು ಆರಿಸಿಕೊಂಡಿತು. ಆರಿಸಿಕೊಂಡದ್ದಕ್ಕೆ ಹೊಣೆಯೂ ಇರಬೇಕು.

ಅದೇ ಊರಿನ ಸುತ್ತಮುತ್ತಲಿನ ಮತ್ತೊಂದು ಪಾವತಿ ಸಂಸ್ಥೆ ‘ಸ್ಟ್ರೈಪ್’ ಏನು ಮಾಡಿತೆಂಬುದನ್ನು ಹೋಲಿಕೆಗಾಗಿ ಹೇಳುತ್ತೇನೆ. ಗಾಳಿಯಲ್ಲಿರುವ ಇಂಗಾಲವನ್ನು ನಿಜವಾಗಿ ಹೊರತೆಗೆದು ಹೂಳುವವರಿಗೆ, ಟನ್ನಿಗೆ ಎಷ್ಟೇ ಬೆಲೆಯಾಗಲಿ, ವರ್ಷಕ್ಕೆ ಕನಿಷ್ಠ 10 ಲಕ್ಷ ಡಾಲರ್ ಕೊಡುತ್ತೇವೆಂದು ಅದು 2019ರಲ್ಲಿ ಹೇಳಿತು. 2020ರ ಮೊದಲ ಖರೀದಿಯಲ್ಲಿ ಕ್ಲೈಮ್‌ವರ್ಕ್ಸ್ ಎಂಬ ಕಂಪನಿಗೆ ಟನ್ನಿಗೆ 775 ಡಾಲರಿನಂತೆ 322.6 ಟನ್ನಿಗೆ ಹಣ ಕೊಟ್ಟಿತು. 2022ರಲ್ಲಿ ಇತರ ಕಂಪನಿಗಳೊಡನೆ ಸೇರಿ ಇದೇ ಉದ್ದೇಶಕ್ಕೆ 92.5 ಕೋಟಿ ಡಾಲರಿನ ‘ಫ್ರಾಂಟಿಯರ್’ ಎಂಬ ಯೋಜನೆಯನ್ನು ಕಟ್ಟಿತು. ಈ ಪ್ರಮಾಣ ಸಮುದ್ರಕ್ಕೆ ಒಂದು ಹನಿ. ಆದರೂ ಆ 775 ಎಂಬ ಸಂಖ್ಯೆಗೆ ಒಂದು ಪ್ರಾಮಾಣಿಕತೆಯಿದೆ. ಬಿಟ್ಟ ಹೊಗೆಯನ್ನು ಹಿಂದಕ್ಕೆ ಎಳೆದುಕೊಳ್ಳುವುದು ಎಷ್ಟು ದುಬಾರಿ ಎಂಬುದನ್ನು ಅದು ಮುಚ್ಚಿಡುವುದಿಲ್ಲ. ಬಿಟ್‌ಕಾಯಿನ್ ಜಾಲದ ಒಂದು ವರ್ಷದ ಹೊಗೆಯನ್ನು ಆ ದರದಲ್ಲಿ ತೊಳೆಯುವುದಾದರೆ ಬೇಕಾಗುವುದು 3,084 ಕೋಟಿ ಡಾಲರಿಗೂ ಹೆಚ್ಚು. ಅಷ್ಟನ್ನೂ ಬ್ಲಾಕ್ ಒಂದೇ ತೆರಬೇಕೆಂದು ನಾನು ಹೇಳುತ್ತಿಲ್ಲ. ತನ್ನ ಪಾಲು ಎಷ್ಟೆಂದು ಅದು ಹೇಳಲಿ. 1 ಕೋಟಿ ಡಾಲರಿನ ಕಾಣಿಕೆ ಆ ಪಾಲಿಗೆ ಸಮವೇ ಎಂಬುದನ್ನು ಆಮೇಲೆ ನೋಡೋಣ.

ಹಾಗಾದರೆ ಇಂಥ ವಾಗ್ದಾನ ಹೇಗಿರಬೇಕು? ನಾನು ಮೂರು ಶರತ್ತುಗಳನ್ನು ಹಾಕುತ್ತೇನೆ. ಒಂದು, ಗಡುವು ಇರುವ ವಾಕ್ಯದಲ್ಲಿಯೇ ಅತಿ ದೊಡ್ಡ ಹೊಗೆಯ ಹೆಸರೂ ಇರಬೇಕು. ಕಚೇರಿಗೆ 2030 ಎಂದರೆ ತಾನು ಮಾರುವ ವಸ್ತುವಿಗೂ ಒಂದು ಇಸವಿಯನ್ನು ಹೇಳಬೇಕು. ಎರಡು, ಲೆಕ್ಕವನ್ನು ಪ್ರತಿವರ್ಷ ಟನ್ನುಗಳಲ್ಲಿ ಕೊಡಬೇಕು. ‘ಡಾಲರ್ ಆದಾಯಕ್ಕೆ ಇಷ್ಟು ಕಡಿಮೆಯಾಯಿತು’ ಎಂಬ ಭಾಗಾಕಾರ ಸಾಲದು, ಏಕೆಂದರೆ ಆದಾಯ ಬೆಳೆದರೆ ಭಾಗಲಬ್ಧ ಇಳಿಯುತ್ತದೆ, ಹೊಗೆ ಏರುತ್ತಲೇ ಇರಬಹುದು. ಮೂರು, ಗಡುವಿನೊಳಗೆ ಆಗದಿದ್ದರೆ ಆ ವ್ಯಾಪಾರವನ್ನೇ ನಿಲ್ಲಿಸುತ್ತೇವೆ ಎನ್ನುವ ಧೈರ್ಯವಿರಬೇಕು. ತಪ್ಪಿದರೆ ಏನಾಗುತ್ತದೆ ಎಂಬುದಿಲ್ಲದ ವಾಗ್ದಾನಕ್ಕೆ ನಮ್ಮ ಹಿರಿಯರು ‘ಹೇಳುವುದು ಶಾಸ್ತ್ರ, ಹಾಕುವುದು ಗಾಳ’ ಎನ್ನುತ್ತಿದ್ದರು.

ಇಷ್ಟು ದೂರದ ಸಂಸ್ಥೆಯ ಮೇಲೆ ಇಲ್ಲಿ ಕುಳಿತ ನಿವೃತ್ತ ಮೇಷ್ಟ್ರಿಗೆ ಏಕಿಷ್ಟು ಸಿಟ್ಟು ಎಂದು ನಿಮ್ಮಲ್ಲಿ ಕೆಲವರು ನಗಬಹುದು. ಹೊಗೆಗೆ ಗಡಿಯಿಲ್ಲ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ನೀವೇ. ಇಂಥ ಸಂಸ್ಥೆಗಳ ತಂತ್ರಾಂಶ ಬರೆಯುವವರು, ವರದಿ ತಯಾರಿಸುವವರು, ಲೆಕ್ಕ ಪರಿಶೀಲಿಸುವವರು ನಿಮ್ಮಂಥವರು. ತರಗತಿಯಲ್ಲಿ ಲೆಕ್ಕವನ್ನು ಚೊಕ್ಕವಾಗಿ ಮಾಡುತ್ತಿದ್ದ ಕೈಗಳಿಗೆ ಇಂದು ಅರ್ಧ ಲೆಕ್ಕವನ್ನು ಅಂದವಾಗಿ ಬರೆಯುವ ಕೆಲಸ ಬರುತ್ತಿದೆ. ಹಸಿರು ಎಲೆಯ ಚಿತ್ರವಿರುವ ಕರಡು ನಿಮ್ಮ ಮೇಜಿಗೆ ಬಂದಾಗ ಸಹಿ ಹಾಕುವ ಮೊದಲು ಒಂದು ಪ್ರಶ್ನೆ ಕೇಳಿರಿ: ‘ನಮ್ಮ ವ್ಯಾಪಾರ ಬೆಳೆದರೆ ಹೊಗೆ ಎಲ್ಲಿ ಬೆಳೆಯುತ್ತದೆ, ಮತ್ತು ಅದು ಈ ಪುಟದಲ್ಲಿ ಇದೆಯೇ?’ ಉತ್ತರ ಬಾರದಿದ್ದರೆ ಮತ್ತೊಮ್ಮೆ ಕೇಳಿರಿ. ಕೇಳಿದ್ದಕ್ಕೆ ಕೆಲಸ ಹೋಗುವ ಸಂಸ್ಥೆಯಾದರೆ ಅದರ ವಾಗ್ದಾನದ ಬೆಲೆ ಎಷ್ಟೆಂಬುದು ಅಲ್ಲಿಗೇ ತಿಳಿಯುತ್ತದೆ.

2030 ದೂರವಿಲ್ಲ. ಆ ವರ್ಷ ಹಲವು ಸಂಸ್ಥೆಗಳು ತಮ್ಮ ಪುಸ್ತಕ ತೆರೆದು ಸೊನ್ನೆ ತೋರಿಸಲಿವೆ. ಸೊನ್ನೆಯನ್ನು ನೋಡಿ ಚಪ್ಪಾಳೆ ತಟ್ಟುವ ಮೊದಲು ಹಿಂದಿನ ಪುಟಗಳನ್ನೂ ಮಗುಚಿ ನೋಡುವವರಲ್ಲಿ ನೀವೂ ಇರಬೇಕೆಂಬುದು ನನ್ನ ಆಸೆ. ಈ ಬರಹವನ್ನು ಒಪ್ಪದವರು ತಮ್ಮ ಆಕ್ಷೇಪಗಳನ್ನು ಅಂಕಿಗಳ ಸಮೇತ ಬರೆದು ಕಳುಹಿಸಿರಿ, ಖಂಡಿತ ಓದುತ್ತೇನೆ.